ಹಿಂದಿನ ಸೀಟಿನ ಕಾಂಟೆಸ್ಸಾ, ಮುಂದಿನ ಸೀಟಿನ ಕ್ರೆಟಾ

ಕಳೆದ ದೀಪಾವಳಿಗೆ ದಾವಣಗೆರೆಗೆ ಹೋದಾಗ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡುವ ಅವಕಾಶ ಸಿಕ್ಕಿತು. ಒಂದು ನಮ್ಮಕ್ಕನ ಹ್ಯುಂಡೈ ಕ್ರೆಟಾ. ಬ್ಯಾಂಕ್ ಸಾಲದ್ದು, ಏಳು ವರ್ಷದ ಇಎಂಐ, ಇನ್ನೂ ಐದು ವರ್ಷ ಬಾಕಿ. ಇನ್ನೊಂದು ಬಿಳಿ ಬಣ್ಣದ ಹಿಂದೂಸ್ತಾನ್ ಕಾಂಟೆಸ್ಸಾ ಕ್ಲಾಸಿಕ್. ಅದು ನಮ್ಮದಲ್ಲ. ಆದರೆ ಹದಿನಾಲ್ಕು ವರ್ಷ ಅದನ್ನು ಓಡಿಸಿದ್ದು ನಮ್ಮಪ್ಪ.

ಹತ್ತಿ ವ್ಯಾಪಾರದ ಸಾಹುಕಾರರೊಬ್ಬರ ಮನೆಯಲ್ಲಿ ಅಪ್ಪ ಡ್ರೈವರ್ ಆಗಿದ್ದರು. ಸಾಹುಕಾರರು ಈಗಿಲ್ಲ. ಶೆಡ್ಡಿನಲ್ಲಿ ಧೂಳು ತಿಂತಾ ಬಿದ್ದಿದ್ದ ಕಾರನ್ನು ಅವರ ಮೊಮ್ಮಗ ಎರಡು ವರ್ಷ ಕೂತು ರಿಪೇರಿ ಮಾಡಿಸಿ, "ಅಂಕಲ್, ಒಂದ್ಸಲ ಬಂದು ನೋಡಿ, ಸೌಂಡ್ ಮೊದಲಿನ ಥರ ಇದೆಯಾ ಹೇಳಿ" ಅಂತ ಅಪ್ಪನಿಗೆ ಫೋನ್ ಮಾಡಿದ್ದ. ಅಕ್ಕನ ಕಾರಲ್ಲೇ ಎಲ್ಲರೂ ಹೋದೆವು. ಹಳೇ ಮನೆಯ ಅಂಗಳದಲ್ಲಿ ಎರಡೂ ಕಾರು ಪಕ್ಕಪಕ್ಕ ನಿಂತಾಗ ನಾನು ಸುಮ್ಮನೆ ಟೇಪ್ ಹಿಡಿದೆ. ಈ ಬರಹ ಶುರುವಾಗಿದ್ದು ಅಲ್ಲಿಂದ.

ಹಳೇ ಲಕ್ಸುರಿ ಕಾರು ಮತ್ತು ಹೊಸ ಫ್ಯಾಮಿಲಿ ಎಸ್‌ಯುವಿ ಹೋಲಿಸುವ ರೀಲ್ಸ್, ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಎಷ್ಟು ಪವರ್, ಎಷ್ಟು ಮೈಲೇಜ್, ಯಾವುದಕ್ಕೆ 'ಕ್ಲಾಸ್' ಜಾಸ್ತಿ ಅನ್ನುವಲ್ಲಿಗೆ ಅವು ಮುಗಿಯುತ್ತವೆ. ನನಗೆ ಅಂಗಳದಲ್ಲಿ ನಿಂತು ಹೊಳೆದದ್ದು ಬೇರೆ. ಈ ಎರಡು ಕಾರುಗಳಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಅನ್ನೋದನ್ನ ನೋಡಿದರೆ ನಲವತ್ತು ವರ್ಷಗಳಲ್ಲಿ ನಮ್ಮ ಸಮಾಜ ಎಲ್ಲಿ ಬದಲಾಗಿದೆ, ಎಲ್ಲಿ ಬದಲಾಗಿಲ್ಲ ಅನ್ನೋದು ಸಾಕಷ್ಟು ಗೊತ್ತಾಗುತ್ತೆ.

ಮೊದಲು ಕಾಂಟೆಸ್ಸಾ ಬಗ್ಗೆ. 2000ದ ನಂತರ ಹುಟ್ಟಿದವರಿಗೆ ಇದು ಹಳೇ ಸಿನಿಮಾಗಳಲ್ಲಿ ಕಾಣುವ ಉದ್ದನೆಯ ಬಿಳಿ ಕಾರು ಅಷ್ಟೇ ಇರಬಹುದು. ಕೋಲ್ಕತ್ತಾ ಸಮೀಪದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ 1984ರಲ್ಲಿ ಇದನ್ನೂ ಮಾರುಕಟ್ಟೆಗೆ ತಂದದ್ದು. ವಿನ್ಯಾಸ ನಮ್ಮದಲ್ಲ. ಬ್ರಿಟನ್ನಿನಲ್ಲಿ 1972ರಿಂದ 1978ರವರೆಗೆ ತಯಾರಾಗಿ ನಿಂತುಹೋದ ವಾಕ್ಸ್‌ಹಾಲ್ ವಿಕ್ಟರ್ ಅನ್ನೋ ಕಾರಿನ ಅಚ್ಚುಗಳನ್ನು ಕೊಂಡು ತಂದು, ಇಲ್ಲಿ ಹೊಸ ಹೆಸರಿಟ್ಟರು. ಅಂದರೆ ಅಲ್ಲಿನ ಮಧ್ಯಮ ವರ್ಗದವರು ಓಡಿಸಿ ಬಿಟ್ಟ ಮಾದರಿ ನಮ್ಮಲ್ಲಿ ಸಾಹುಕಾರರ, ಮಂತ್ರಿಗಳ, ಸಿನಿಮಾ ನಿರ್ಮಾಪಕರ ಐಷಾರಾಮಿ ಕಾರಾಯಿತು!

ಇನ್ನೂ ತಮಾಷೆ ಅಂದ್ರೆ, ಮೊದಲು ಬಂದ ಕಾಂಟೆಸ್ಸಾಗೆ ಅಂಬಾಸಿಡರ್‌ನದೇ 1489 ಸಿಸಿ ಎಂಜಿನ್. ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ಅಷ್ಟು ಉದ್ದದ ಕಾರಿಗೆ ಅದು ಸಾಲುತ್ತಿರಲಿಲ್ಲ. ಎ.ಸಿ. ಹಾಕಿ ಘಾಟಿ ಹತ್ತಿದರೆ ಕಾರು ಏದುಸಿರು ಬಿಡ್ತಿತ್ತು ಅಂತ ಅಪ್ಪ ಈಗಲೂ ನಗ್ತಾರೆ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರ್ ಬಂತು. ಶಕ್ತಿ 88 ಅಶ್ವಶಕ್ತಿಗೆ ಏರಿತು. ಅದೇ 'ಕ್ಲಾಸಿಕ್'. ಅಪ್ಪ ಓಡಿಸಿದ್ದು ಇದನ್ನೇ. ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ. 2002ರಲ್ಲಿ ಕಾಂಟೆಸ್ಸಾ ತಯಾರಿಕೆ ನಿಂತಿತು.

ಇಂಥ ಕಾರು ಲಕ್ಸುರಿ ಆದದ್ದು ಹೇಗೆ? ಬೇರೆ ಕಾರು ಸಿಗದಂತೆ ಇದ್ದದ್ದರಿಂದ. ಲೈಸೆನ್ಸ್ ರಾಜ್ ಕಾಲದಲ್ಲಿ ಯಾರು ಕಾರು ಮಾಡಬೇಕು, ಎಷ್ಟು ಮಾಡಬೇಕು ಅನ್ನೋದನ್ನ ಸರ್ಕಾರ ತೀರ್ಮಾನಿಸುತ್ತಿತ್ತು. ಅಂಬಾಸಿಡರ್ ಅಥವಾ ಪ್ರೀಮಿಯರ್ ಬೇಕು ಅಂದರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ವಿದೇಶಿ ಕಾರು ತರಿಸಲು ಕಾರಿನ ಬೆಲೆಗಿಂತ ಸುಂಕವೇ ಹೆಚ್ಚು. 1983ರ ಡಿಸೆಂಬರ್‌ನಲ್ಲಿ 47,500 ರೂಪಾಯಿಯ ಮಾರುತಿ 800 ಬಂದು ಮಧ್ಯಮ ವರ್ಗಕ್ಕೆ ಒಂದು ಬಾಗಿಲು ತೆರೆಯಿತು. ಮರುವರ್ಷ ಬಂದ ಕಾಂಟೆಸ್ಸಾ ಆ ಬಾಗಿಲಿಗಿಂತ ಮೇಲಿನ ಮಹಡಿಯಲ್ಲಿ ಇರುವವರಿಗೆ. ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲ ಅಂತ ಆದದ್ದು 1993ರಲ್ಲಿ. ವಿದೇಶಿ ಕಂಪನಿಗಳು ಬರುತ್ತಿದ್ದಂತೆ ಕಾಂಟೆಸ್ಸಾದ 'ಕ್ಲಾಸ್' ಐದಾರು ವರ್ಷದಲ್ಲಿ ಕರಗಿಹೋಯಿತು. ಕಾರು ಅದೇ, ಎಂಜಿನ್ ಅದೇ, ಸೀಟು ಅದೇ. ಹೋದದ್ದು ಅಭಾವ ಮಾತ್ರ.

ಟೇಪ್ ಏನು ಹೇಳಿತು ಅಂತ ಕೇಳ್ತೀರಾ? ಕಾಂಟೆಸ್ಸಾ ಸುಮಾರು 4.6 ಮೀಟರ್ ಉದ್ದ, 1.7 ಮೀಟರ್ ಅಗಲ. ಕ್ರೆಟಾ 4.33 ಮೀಟರ್ ಉದ್ದ, 1.79 ಮೀಟರ್ ಅಗಲ. ಅಂದರೆ ಹಳೆಯದೇ ಉದ್ದ, ಹೊಸದು ಅಗಲ. ದೊಡ್ಡ ವ್ಯತ್ಯಾಸ ಇರೋದು ಎತ್ತರದಲ್ಲಿ: ಕ್ರೆಟಾ 1.63 ಮೀಟರ್ ದಾಟುತ್ತೆ, ಕಾಂಟೆಸ್ಸಾದ ಟಾಪು ನನ್ನ ಎದೆಗಿಂತ ಸ್ವಲ್ಪ ಮೇಲೆ. ಹಿಂದಿನ ಕಾಲದಲ್ಲಿ ದೊಡ್ಡಸ್ತಿಕೆ ಉದ್ದಕ್ಕೆ ಮಲಗಿತ್ತು, ಈಗ ಎದ್ದು ನಿಂತಿದೆ.

ಸೀಟಿನ ರಾಜಕಾರಣ

ಕಾಂಟೆಸ್ಸಾ ಇರೋದು ಹಿಂದಿನ ಸೀಟಿಗಾಗಿ. ಅಗಲವಾದ ಮೆತ್ತನೆ ಸೋಫಾದಂಥ ಸೀಟು, ಕಾಲು ಚಾಚಲು ಜಾಗ. ಕಿಟಕಿಗಳಿಗೆ ಸಾಹುಕಾರರು ಪರದೆ ಹಾಕಿಸಿದ್ದರು. ಅಮ್ಮಾವ್ರು ಹೊರಟರೆ ಪರದೆ ಎಳೆಯಬೇಕು. ಮುಂದಿನ ಎಡಗಡೆ ಸೀಟಲ್ಲಿ ಗುಮಾಸ್ತರು, ಇಲ್ಲದಿದ್ದರೆ ಅದು ಖಾಲಿ. ಮುಂದೆ ಕೂತರೆ ಡ್ರೈವರ್ ಪಕ್ಕ ಕೂತಂಗೆ ಆಗುತ್ತಲ್ಲ!

"ಗೇರ್ ಹಾಕಿದ್ದು ಹಿಂದೆ ಕುಂತೋರಿಗೆ ಗೊತ್ತಾಗಬಾರದು. ನಿದ್ದಿ ಹತ್ತಬೇಕು ಅವರಿಗೆ. ಡ್ರೈವಿಂಗ್ ಅಂದ್ರೆ ಅದೇ" ಅಂತಾರೆ ಅಪ್ಪ. ಅವರ ಇಡೀ ಕಸುಬು ಬೇರೆಯವರ ನಿದ್ದೆಯ ಸುತ್ತ ಇತ್ತು. ಹುಬ್ಬಳ್ಳಿ, ಬೆಂಗಳೂರು, ಧರ್ಮಸ್ಥಳ ಅಂತ ಎಲ್ಲಾ ಕಡೆ ಹೋದರು. ಊಟದ ಹೊತ್ತಿಗೆ ಸಾಹುಕಾರರು ನೆಂಟರ ಮನೆ ಒಳಗೆ, ಅಪ್ಪ ಹಿತ್ತಲಲ್ಲಿ. ತಟ್ಟೆ ಬೇರೆ, ಲೋಟ ಬೇರೆ, ತೊಳೆದಿಟ್ಟು ಬರಬೇಕಾದದ್ದೂ ಅವರೇ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಕಾರಿನ ಹಿಂದಿನ ಸೀಟಲ್ಲಿ ಅಪ್ಪ ಕೂತಿಲ್ಲ. ಕಾರು ಶೆಡ್ಡಿನಲ್ಲಿದ್ದಾಗಲೂ, ಯಾರೂ ನೋಡದಿದ್ದಾಗಲೂ. ಯಾಕೆ ಅಂತ ನಾನು ಕೇಳಿದೆ. "ಒರೆಸೋಕೆ ಮಾತ್ರ ಮೊಣಕಾಲು ಊರಿದೀನಿ" ಅಂದರು.

ಕ್ರೆಟಾದಲ್ಲಿ ಲೆಕ್ಕ ತಿರುಗಿದೆ. ದೊಡ್ಡ ಸ್ಕ್ರೀನು ಮುಂದೆ, ದುಬಾರಿ ವೇರಿಯಂಟ್‌ನಲ್ಲಿ ತಣ್ಣನೆ ಗಾಳಿ ಬಿಡುವ ಸೀಟೂ ಮುಂದೆ, ಕ್ಯಾಮರಾ ನೋಡುವುದೂ ಮುಂದೆ ಕೂತವರೇ. ಯಾಕಂದ್ರೆ ಕೊಂಡವರೇ ಓಡಿಸ್ತಾರೆ. ನಮ್ಮ ಮನೆಯಲ್ಲಿ ಓಡಿಸುವವಳು ಅಕ್ಕ, ಪಕ್ಕದಲ್ಲಿ ಭಾವ, ಹಿಂದೆ ಅಪ್ಪ, ಅಮ್ಮ, ನಡುವೆ ಐದು ವರ್ಷದ ಸೊಸಿ. ಪರದೆ ಇಲ್ಲ. ಡ್ರೈವರನ ಮಗಳು ಸ್ಟಿಯರಿಂಗ್ ಹಿಡಿದಿದ್ದಾಳೆ, ಡ್ರೈವರ್ ಆಗಿದ್ದವರು ಹಿಂದೆ ಕೂತು ಗೊರಕೆ ಹೊಡೀತಾರೆ. ಇದನ್ನು ನಾನು ಸಣ್ಣ ಬದಲಾವಣೆ ಅಂತ ಅಂದುಕೊಂಡಿಲ್ಲ. ಕಾರು ಅಂದ್ರೆ ಬಂಡವಾಳಶಾಹಿ ಆಟಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕುವ ಗೆಳೆಯರು ನನಗೂ ಇದ್ದಾರೆ, ಅವರಿಗೆ ಈ ಹಿಂದಿನ ಸೀಟಿನ ಕತೆ ಹೇಳಬೇಕು ಅನಿಸುತ್ತೆ. (ನಮ್ಮಮ್ಮನಿಗೆ ಕ್ರೆಟಾಗಿಂತ ಇಷ್ಟವಾಗಿರೋದು ಶಕ್ತಿ ಯೋಜನೆಯ ಬಸ್ಸು, ಅದು ಬೇರೆ ಮಾತು. ಬಸ್ಸಲ್ಲಿ ಹೋಗೋಕೆ ಯಾರನ್ನೂ ಕೇಳಬೇಕಿಲ್ಲ ಅಂತಾಳೆ.)

ಅಪ್ಪನಿಗೆ ಕ್ರೆಟಾ ಇಷ್ಟವಾಗಲು ಇನ್ನೊಂದು ಕಾರಣ ಮಂಡಿನೋವು. ಕಾಂಟೆಸ್ಸಾದೊಳಗೆ ಇಳಿಯಬೇಕು, ಹೊರಗೆ ಬರಲು ಕೈ ಊರಿ ಏಳಬೇಕು. ಎಸ್‌ಯುವಿ ಸೀಟು ಸೊಂಟದ ಮಟ್ಟಕ್ಕಿದೆ, ಹಾಗೇ ಸರಿದು ಕೂತರಾಯಿತು. ವಯಸ್ಸಾದ ತಂದೆತಾಯಿ ಇರುವ ಮನೆಗಳು ಎಸ್‌ಯುವಿ ಆರಿಸಲು ಇದೂ ಒಂದು ಕಾರಣ.

ಒಂದು ಸಣ್ಣ ಗುಟ್ಟು: ಕ್ರೆಟಾ ತೆರಿಗೆ ಕಾನೂನಿನ ಪ್ರಕಾರ ಎಸ್‌ಯುವಿ ಆಗಿರಲೇ ಇಲ್ಲ. ಜಿಎಸ್‌ಟಿ ಸೆಸ್ ಇದ್ದ ಕಾಲದಲ್ಲಿ ಎಸ್‌ಯುವಿ ಅನಿಸಿಕೊಳ್ಳಲು ಉದ್ದ 4 ಮೀಟರ್, ಎಂಜಿನ್ 1500 ಸಿಸಿ, ನೆಲದಿಂದ ಎತ್ತರ 170 ಮಿಲಿಮೀಟರ್, ಈ ಮೂರೂ ಮಿತಿ ದಾಟಬೇಕಿತ್ತು. ಕ್ರೆಟಾದ ಪೆಟ್ರೋಲ್ ಎಂಜಿನ್ 1497 ಸಿಸಿ! ಮೂರು ಸಿಸಿ ಕಡಿಮೆ. ಹಾಗಾಗಿ ಅದಕ್ಕೆ ಎಸ್‌ಯುವಿಗಳ 50 ಪರ್ಸೆಂಟ್ ಅಲ್ಲ, ಮಧ್ಯಮ ಗಾತ್ರದ ಕಾರುಗಳ 45 ಪರ್ಸೆಂಟ್ ತೆರಿಗೆ ಬೀಳುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆಲ್ಲ ಒಂದೇ 40 ಪರ್ಸೆಂಟ್ ಆಯಿತು, ಸಣ್ಣ ಕಾರುಗಳಿಗೆ 18. ಕ್ರೆಟಾದಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆಯೂ ಇಲ್ಲ. ಎಂಜಿನ್ ಎಳೆಯೋದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಕೆಸರು ಗದ್ದೆಗೆ ಇಳಿಸಿದರೆ ಟ್ರ್ಯಾಕ್ಟರ್ ಕರೆಸಬೇಕು. ಅಂದರೆ ಕಾಡು, ಬೆಟ್ಟ ಹತ್ತುವ ಜಾಹೀರಾತಿನ ಒಳಗಿರೋದು ಎತ್ತರಿಸಿದ ಒಂದು ಸಾಮಾನ್ಯ ಕುಟುಂಬದ ಕಾರು. ಆ ಎತ್ತರಕ್ಕೇ ಜನ ದುಡ್ಡು ಕೊಡ್ತಿರೋದು.

"ಹಳೇ ಕಾರು ಗಟ್ಟಿ ಕಣ್ರೀ"

ಈ ಮಾತು ಕೇಳದವರು ಯಾರು? ಅಂಗಳದಲ್ಲಿ ಮೊಮ್ಮಗನೂ ಅದನ್ನೇ ಹೇಳಿದ. ಕಾಂಟೆಸ್ಸಾ ಬಾನೆಟ್ ಮೇಲೆ ಗುದ್ದಿ ತೋರಿಸಿದ, ಟಣ್ ಅಂತು. ಕ್ರೆಟಾ ಮೇಲೆ ಬೆರಳು ಒತ್ತಿದರೆ ತಗಡು ತಗ್ಗಿದಂತೆ ಅನಿಸುತ್ತೆ.

ಆದರೆ ಗಟ್ಟಿ ಅನ್ನೋದು ಬೇರೆ, ಸುರಕ್ಷಿತ ಅನ್ನೋದು ಬೇರೆ. ಡಿಕ್ಕಿಯಾದಾಗ ಕಾರಿನ ವೇಗದಲ್ಲಿರುವ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಹೊಸ ಕಾರುಗಳ ಮುಂಭಾಗ ಬೇಕಂತಲೇ ಮಡಚಿಕೊಳ್ಳುವಂತೆ ಇರುತ್ತೆ, ಆ ಶಕ್ತಿಯನ್ನು ತಗಡು ತಿನ್ನುತ್ತೆ. ಜನ ಕೂರುವ ಭಾಗ ಮಾತ್ರ ಬಿಗಿಯಾದ ಪಂಜರ. ಹಳೇ ಕಾರಿನಲ್ಲಿ ಮುಂಭಾಗ ಬಗ್ಗದಿದ್ದರೆ ಪೆಟ್ಟು ನೇರ ಎದೆಗೆ, ಸ್ಟಿಯರಿಂಗ್ ಕಂಬದ ಮೂಲಕ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್ 2009ರಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. 1959ರ ಭಾರಿ ಶೆವ್ರೊಲೆ ಬೆಲ್ ಏರ್ ಕಾರನ್ನು 2009ರ ಸಾಧಾರಣ ಶೆವ್ರೊಲೆ ಮಾಲಿಬುಗೆ ಡಿಕ್ಕಿ ಹೊಡೆಸಿದರು. ಹಳೆಯದರಲ್ಲಿದ್ದ ಗೊಂಬೆ ಬದುಕುಳಿಯುವ ಸ್ಥಿತಿಯಲ್ಲಿರಲಿಲ್ಲ. ಹೊಸದರಲ್ಲಿದ್ದ ಗೊಂಬೆಗೆ ಕಾಲಿಗೆ ಪೆಟ್ಟು, ಅಷ್ಟೇ. ಯೂಟ್ಯೂಬ್‌ನಲ್ಲಿದೆ, ನೋಡಿ.

ಕಾಂಟೆಸ್ಸಾದಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದಿನ ಸೀಟಿಗೆ ಬೆಲ್ಟ್ ಅನ್ನುವ ಕಲ್ಪನೆಯೂ ಇಲ್ಲ. ಈಗಿನ ಕ್ರೆಟಾದ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್. ಎಸ್‌ಯುವಿ ಅಂದ ಮಾತ್ರಕ್ಕೆ ಐದು ಸ್ಟಾರ್ ಅಂತ ತಿಳಿಯಬೇಡಿ, 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿದ ಆಗಿನ ಕ್ರೆಟಾಗೆ ಸಿಕ್ಕಿದ್ದು ಮೂರೇ. ಆದರೂ ಒಳಗೆ ಕೂತವರ ಲೆಕ್ಕದಲ್ಲಿ ಇಬ್ಬರಿಗೂ ಹೋಲಿಕೆಯೇ ಇಲ್ಲ. ಹೊಗೆಯ ಲೆಕ್ಕದಲ್ಲೂ ಅಷ್ಟೇ. ಅಪ್ಪನ ಕಾಂಟೆಸ್ಸಾ ಸೀಸ ಬೆರೆಸಿದ ಪೆಟ್ರೋಲ್ ಕುಡಿದ ಕಾರು, ಕ್ರೆಟಾ ಬಿಎಸ್-6. ಕಾಂಟೆಸ್ಸಾ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟಿದ್ದಕ್ಕೆ ಅಂಗಳ ತುಂಬಾ ವಾಸನೆ, ಸೊಸಿ ಮೂಗು ಮುಚ್ಚಿಕೊಂಡು ಓಡಿದಳು.

ಇಷ್ಟು ಹೇಳಿದ ಮೇಲೆ ಹೊಸದೇ ಗೆದ್ದಿತು ಅಂತ ಬರಹ ಮುಗಿಸಬಹುದಿತ್ತು. ಆದರೆ ಹಾಗೆ ಓಡಿದ ಸೊಸಿ ಹೋಗಿ ನಿಂತದ್ದು ಕ್ರೆಟಾ ಬಾನೆಟ್ ಮುಂದೆ.

ಬಾನೆಟ್ ಮುಂದಿನ ರಿಬ್ಬನ್

ಆಗ ನಾನು ಕ್ರೆಟಾದ ಡ್ರೈವರ್ ಸೀಟಲ್ಲಿ ಕೂತು ಫೋಟೋ ತೆಗೀತಿದ್ದೆ. ಮಗು ಕಾಣಲಿಲ್ಲ. ಕಂಡದ್ದು ಕೂದಲಿಗೆ ಕಟ್ಟಿದ ಕೆಂಪು ರಿಬ್ಬನ್ ಮಾತ್ರ. ಅಕ್ಕನನ್ನು ಕರೆದೆ. ಅವಳು ಕೂತು ನೋಡಿ ಸುಮ್ಮನಾದಳು. ಆಮೇಲೆ ಅದೇ ಮಗುವನ್ನು ಕಾಂಟೆಸ್ಸಾದ ಮುಂದೆ ನಿಲ್ಲಿಸಿದೆವು. ಬಾನೆಟ್ ಅಷ್ಟು ಉದ್ದ ಇದ್ದರೂ ಎದೆಯಿಂದ ಮೇಲೆ ಪೂರ್ತಿ ಕಂಡಳು. ನಗ್ತಾ ಇದ್ದದ್ದೂ ಕಂಡಿತು. ಕಾಂಟೆಸ್ಸಾದ ಮುಂಭಾಗ ನನ್ನ ತೊಡೆಯ ಮಟ್ಟಕ್ಕೆ ಬರುತ್ತೆ, ಕ್ರೆಟಾದ್ದು ಹೊಟ್ಟೆಯ ಮಟ್ಟಕ್ಕೆ. ಐದು ವರ್ಷದ ಮಗುವಿಗೆ ಅದು ಕುತ್ತಿಗೆ, ಗಲ್ಲ.

ಈ ವ್ಯತ್ಯಾಸ ಕಾಣುವುದಕ್ಕಷ್ಟೇ ಅಲ್ಲ, ಬಡಿಯುವುದಕ್ಕೂ ಅನ್ವಯಿಸುತ್ತೆ. ತಗ್ಗು ಬಾನೆಟ್ಟಿನ ಕಾರು ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ ಮೇಲೆ ಹಾಕಿಕೊಳ್ಳುತ್ತೆ. ಕಾಲು ಮುರಿಯಬಹುದು. ಎತ್ತರದ, ನೆಟ್ಟಗಿನ ಮುಂಭಾಗ ಬಡಿಯೋದು ಸೊಂಟ, ಎದೆಗೆ, ಮಕ್ಕಳಾದರೆ ತಲೆಗೆ, ಮತ್ತು ಮುಂದಕ್ಕೆ ಕೆಡವಿ ಹಾಕುತ್ತೆ. ಅದೇ ಐಐಎಚ್‌ಎಸ್ 2023ರಲ್ಲಿ ಅಮೆರಿಕದ ಪಾದಚಾರಿ ಅಪಘಾತಗಳನ್ನು ಲೆಕ್ಕ ಹಾಕಿತು. ಬಾನೆಟ್ 40 ಇಂಚಿಗಿಂತ ಎತ್ತರ ಇದ್ದ ವಾಹನಗಳು, 30 ಇಂಚಿನೊಳಗಿನ ಇಳಿಜಾರು ಬಾನೆಟ್ ಇದ್ದ ಕಾರುಗಳಿಗಿಂತ, ಪಾದಚಾರಿಯನ್ನು ಕೊಲ್ಲುವ ಸಾಧ್ಯತೆ ಸುಮಾರು 45 ಪರ್ಸೆಂಟ್ ಹೆಚ್ಚು ಅಂತ ಗೊತ್ತಾಯಿತು. ಅಲ್ಲಿನ ದೈತ್ಯ ಪಿಕಪ್‌ಗಳ ಮುಂದೆ ನಮ್ಮ ಕ್ರೆಟಾ ಚಿಕ್ಕದೇ, ಒಪ್ಪುತ್ತೇನೆ. ಆದರೆ ಅಲ್ಲಿನ ರಸ್ತೆಯಲ್ಲಿ ನಡೆಯುವವರಿಗಿಂತ ನಮ್ಮ ರಸ್ತೆಯಲ್ಲಿ ನಡೆಯುವವರು ಎಷ್ಟು ಪಟ್ಟು ಹೆಚ್ಚು ಅನ್ನೋದನ್ನೂ ಯೋಚಿಸಿ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 44.5 ಪರ್ಸೆಂಟ್ ದ್ವಿಚಕ್ರ ವಾಹನದವರು, 19.5 ಪರ್ಸೆಂಟ್ ಪಾದಚಾರಿಗಳು. ಇವೆರಡೇ ಸೇರಿದರೆ ಮೂರರಲ್ಲಿ ಎರಡು ಪಾಲಿನ ಹತ್ತಿರ. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕಾರಿರುವ ಮನೆಗಳು ದೇಶದಲ್ಲಿ ನೂರಕ್ಕೆ ಎಂಟೂ ಇಲ್ಲ. ಆದರೆ 2024-25ರಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 28 ಲಕ್ಷದಷ್ಟು, ಅಂದರೆ 65 ಪರ್ಸೆಂಟ್, ಎಸ್‌ಯುವಿ ಮತ್ತು ಅಂಥ ಯುಟಿಲಿಟಿ ವಾಹನಗಳೇ. ಒಳಗೆ ಕೂರುವವರು ಕೆಲವರು, ಎದುರಿಗೆ ನಡೆಯುವವರು ಎಲ್ಲರೂ.

ಕಾರಿನ ಸುರಕ್ಷತೆಯ ಸ್ಟಾರ್ ಕೊಡುವ ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಒಳ್ಳೆಯದೇ. ಶೋರೂಮಿನಲ್ಲಿ ತೋರಿಸುವ ಸ್ಟಾರ್‌ಗಳು ಎರಡು ಸಾಲು: ಒಳಗಿರುವ ದೊಡ್ಡವರಿಗೆ ಒಂದು, ಒಳಗಿರುವ ಮಕ್ಕಳಿಗೆ ಒಂದು. ಹೊರಗಿರುವ ಮಗುವಿಗೆ ಇಷ್ಟು ಸ್ಟಾರ್ ಅಂತ ಒಂದು ಸಾಲು ಇದ್ದಿದ್ದರೆ ಕೊಳ್ಳುವವರು ಅದನ್ನೂ ನೋಡುತ್ತಿದ್ದರೋ ಏನೋ. ತೆರಿಗೆಯೂ ಹಾಗೇ. ಕೇಂದ್ರಕ್ಕೆ ಉದ್ದ ಮತ್ತು ಸಿಸಿ ಮುಖ್ಯ. ಕರ್ನಾಟಕಕ್ಕೆ ಬೆಲೆ ಮುಖ್ಯ, 10 ಲಕ್ಷದಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 17 ಪರ್ಸೆಂಟ್, ಸೆಸ್ ಬೇರೆ. ಬಾನೆಟ್ ಎಷ್ಟು ಎತ್ತರ, ಕಾರು ಎಷ್ಟು ತೂಕ ಅಂತ ಯಾರೂ ಕೇಳೋದಿಲ್ಲ. ಪ್ಯಾರಿಸ್‌ನಲ್ಲಿ ಕೇಳಿದರು. 2024ರ ಫೆಬ್ರವರಿಯಲ್ಲಿ ಅಲ್ಲಿ ಈ ಬಗ್ಗೆ ಜನಮತ ನಡೆದು, ಓಟು ಹಾಕಿದವರಲ್ಲಿ 54.5 ಪರ್ಸೆಂಟ್ ಜನ ಹೌದು ಅಂದರು. ಓಟಿಗೆ ಬಂದವರೇ ಶೇಕಡ ಆರರಷ್ಟು ಅನ್ನೋದನ್ನೂ ಹೇಳಿಬಿಡಬೇಕು. ಅಕ್ಟೋಬರ್‌ನಿಂದ 1.6 ಟನ್ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ನಗರದ ನಡುಭಾಗದಲ್ಲಿ ಪಾರ್ಕಿಂಗ್ ದರ ಮೂರು ಪಟ್ಟಾಗಿ, ಗಂಟೆಗೆ 18 ಯೂರೋ ಆಯಿತು. ಬೆಂಗಳೂರಿನಲ್ಲಿ ಪಾರ್ಕಿಂಗ್‌ಗೆ ದುಡ್ಡು ಕೇಳೋದೇ ದೊಡ್ಡ ಗಲಾಟೆ ಆಗುವ ವಿಷಯ, ತೂಕ ನೋಡಿ ದರ ಹಾಕೋದು ಇನ್ನೆಲ್ಲಿ!

ಅಕ್ಕನ ಮೇಲೆ ಬೆರಳು ತೋರಿಸೋದು ನನ್ನ ಉದ್ದೇಶ ಅಲ್ಲ. ಅವಳು ಯಾಕೆ ಕ್ರೆಟಾ ತಗೊಂಡಳು ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲು ಅವಳ ಹತ್ತಿರ ಸಣ್ಣ ಹ್ಯಾಚ್‌ಬ್ಯಾಕ್ ಇತ್ತು. ಗುಂಡಿ ತಪ್ಪಿಸಲು ಹೋಗಿ ಎರಡು ಸಲ ಕಾರಿನ ತಳ ಒಡೆಯಿತು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನ ಮಳೆನೀರಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಸತ್ತರಲ್ಲ, ಆ ವಾರವೇ ಅವಳು "ಎತ್ತರದ ಕಾರು ನೋಡಬೇಕು" ಅಂದದ್ದು. ಹೆದ್ದಾರಿಯಲ್ಲಿ ಲಾರಿ ಪಕ್ಕಕ್ಕೆ ಬಂದರೆ ಸಣ್ಣ ಕಾರಲ್ಲಿ ಎದೆ ಡವಡವ ಅನ್ನುತ್ತೆ. ಮುಂದೆ ಎಸ್‌ಯುವಿ ನಿಂತಿದ್ದರೆ ಅದರಾಚೆ ಏನೂ ಕಾಣಲ್ಲ, ನೋಡಬೇಕಾದರೆ ನೀವೂ ಒಂದು ಎತ್ತರದ ಕಾರು ಕೊಳ್ಳಬೇಕು. ಹೀಗೆ ಒಬ್ಬರ ಎತ್ತರ ಇನ್ನೊಬ್ಬರ ಎತ್ತರವನ್ನು ಎಳೆಯುತ್ತಾ ಹೋಗುತ್ತೆ. ರಸ್ತೆ ಸರಿಯಿದ್ದರೆ, ಚರಂಡಿ ಸರಿಯಿದ್ದರೆ, ಲಾರಿಗಳ ಮೇಲೆ ನಿಗಾ ಇದ್ದರೆ ಅವಳಿಗೆ ಈ ಸಾಲ ಬೇಕಿರಲಿಲ್ಲ. ಸರ್ಕಾರ ಎಲ್ಲರಿಗೂ ಕೊಡಬೇಕಿದ್ದ ಸುರಕ್ಷತೆಯನ್ನು ಅವಳು ತಿಂಗಳ ಕಂತಿನಲ್ಲಿ ಕೊಳ್ಳುತ್ತಿದ್ದಾಳೆ. ಸಾಹುಕಾರರು ಕಾಂಟೆಸ್ಸಾದಲ್ಲಿ ಕೊಂಡದ್ದು ಅಂತಸ್ತು, ಅಕ್ಕ ಕ್ರೆಟಾದಲ್ಲಿ ಕೊಂಡದ್ದು ಧೈರ್ಯ.

ಆ ಧೈರ್ಯಕ್ಕೂ ಮಿತಿ ಇದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಎಸ್‌ಯುವಿ ಮೇಲೆ ಉರುಳಿಬಿತ್ತು. ಒಂದೇ ಕುಟುಂಬದ ಆರು ಜನ ಸತ್ತರು. ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದ ದುಬಾರಿ ಕಾರು ಅದು. ನಾವು ದಾವಣಗೆರೆಗೆ ಹೋಗಿಬರುವ ದಾರಿಯೂ ಅದೇ.

ಗುಟ್ಟು ಯಾರ ಹತ್ತಿರ?

ಅಂಗಳದಲ್ಲಿ ಕಾಫಿ ಕುಡೀತಾ ಕೂತಾಗ ಮೊಮ್ಮಗ ಕ್ರೆಟಾದ ಆ್ಯಪ್ ನೋಡಿ ಬೆರಗಾದ. ಕಾರು ಎಲ್ಲಿದೆ, ಎಷ್ಟು ಓಡಿದೆ, ಎಷ್ಟು ಜೋರಾಗಿ ಬ್ರೇಕ್ ಹಾಕಿದರು, ಎಲ್ಲ ಫೋನಲ್ಲಿ. ಅಪ್ಪ ನಕ್ಕರು. ಸಾಹುಕಾರರು ಯಾವ ಊರಿಗೆ ಹೋದರು, ಯಾರ ಮನೆ ಮುಂದೆ ಎಷ್ಟು ಹೊತ್ತು ಕಾರು ನಿಂತಿತ್ತು, ಚುನಾವಣೆ ಹಿಂದಿನ ರಾತ್ರಿ ಡಿಕ್ಕಿಯಲ್ಲಿ ಏನಿತ್ತು, ಇದೆಲ್ಲ ಅಪ್ಪನಿಗೆ ಗೊತ್ತಿತ್ತು. ಮನೆಗೆ ಬಂದು ಅಮ್ಮನಿಗೂ ಹೇಳ್ತಿರಲಿಲ್ಲ. ಈಗ ಆ ಕೆಲಸ ಕಾರಿನೊಳಗಿನ ಸಿಮ್ ಮಾಡುತ್ತೆ. ಅಪ್ಪ ಯಾರಿಗೆ ನಿಷ್ಠರು ಅಂತ ಸಾಹುಕಾರರಿಗೆ ಗೊತ್ತಿತ್ತು. ಕಾರು ಕೊಳ್ಳುವಾಗ ಸ್ಕ್ರೀನಿನಲ್ಲಿ 'ಒಪ್ಪಿದೆ' ಅಂತ ಒತ್ತಿದ್ದು ಏನಕ್ಕೆ ಅಂತ ಅಕ್ಕನಿಗೆ ನೆನಪೇ ಇಲ್ಲ. ಖಾಸಗಿ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಅದರ ಬಗ್ಗೆ ಮಾತಾಡುವಾಗ ನಾವು ಫೋನನ್ನು ನೆನೆಸುತ್ತೇವೆ, ಮನೆ ಮುಂದೆ ನಿಂತ ಕಾರನ್ನು ನೆನೆಸೋದಿಲ್ಲ.

ರಿಪೇರಿ ವಿಷಯಕ್ಕೆ ಬಂದರೆ ಕಾಂಟೆಸ್ಸಾದ ಬಾನೆಟ್ ಎತ್ತಿದರೆ ನೆಲ ಕಾಣುತ್ತೆ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಫ್ಯಾನ್ ಬೆಲ್ಟ್ ಎಲ್ಲ ಕೈಗೆ ಸಿಗುವಂತಿವೆ. ಕ್ರೆಟಾದ್ದು ಎತ್ತಿದರೆ ಒಂದು ಪ್ಲಾಸ್ಟಿಕ್ ಮುಚ್ಚಳ. ತೊಂದರೆ ಏನಂತ ಹೇಳೋದು ಮೆಕ್ಯಾನಿಕ್ ಅಲ್ಲ, ಅವನು ಜೋಡಿಸುವ ಸ್ಕ್ಯಾನರ್. ಹಾಗಂತ ಹಳೆಯದು ಸುಲಭ ಅಂತಲ್ಲ. ಇಸುಜು ಎಂಜಿನ್ನಿನ ಬಿಡಿಭಾಗಕ್ಕೆ ಮೊಮ್ಮಗ ಬೆಂಗಳೂರಿನ ಶಿವಾಜಿನಗರ ಗುಜರಿಯಲ್ಲಿ ದಿನಗಟ್ಟಲೆ ಅಲೆದಿದ್ದಾನೆ. ಕಾನೂನಿನಲ್ಲೂ ಈ ಕಾರಿಗೆ ಜಾಗ ಇಲ್ಲ. 2021ರ ನಿಯಮದಂತೆ 50 ವರ್ಷ ದಾಟಿದರೆ ಮಾತ್ರ ವಿಂಟೇಜ್. ಮೊದಲ ಕಾಂಟೆಸ್ಸಾಗೆ ಅದು ಬರೋದು 2034ಕ್ಕೆ. ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ. ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ವರ್ಷಕ್ಕೆ ನಾಲ್ಕು ಸಲ ಹೊರಬರುವ ಸಾಹುಕಾರರ ಕಾರಿಗೆ ಇದು ದೊಡ್ಡದಲ್ಲ. ಆದರೆ ಇದೇ ಶುಲ್ಕ ಊರಲ್ಲಿ ಹಳೇ ಓಮ್ನಿ ಇಟ್ಟುಕೊಂಡು ತರಕಾರಿ ಹಾಕುವವನಿಗೂ ಅನ್ವಯ.

ಹೊರಡುವ ಮುಂಚೆ ಮೊಮ್ಮಗ ಕಾಂಟೆಸ್ಸಾದ ಹಿಂದಿನ ಬಾಗಿಲು ತೆಗೆದು, "ಅಂಕಲ್, ಕೂತ್ಕೊಳ್ಳಿ, ನಾನು ಒಂದು ರೌಂಡ್ ಹೊಡೆಸ್ತೀನಿ" ಅಂದ. ಹುಡುಗನ ಮನಸ್ಸು ಒಳ್ಳೆಯದು. ಅಪ್ಪ ಸೀಟನ್ನು ಕೈಯಲ್ಲಿ ಒತ್ತಿ ನೋಡಿದರು. "ಫೋಮ್ ಬೇರೆ ಹಾಕ್ಸೀರಿ, ಮೊದಲಿಂದು ಇನ್ನೂ ಮೆತ್ತಗಿತ್ತು" ಅಂದು, ಸುತ್ತಿ ಬಂದು ಡ್ರೈವರ್ ಸೀಟಲ್ಲಿ ಕೂತರು. ಓಣಿಯ ತುದಿವರೆಗೆ ಹೋಗಿ ಬಂದರು. ಗೇರ್ ಹಾಕಿದ್ದು ಹಿಂದೆ ಕೂತ ನನಗೆ ನಿಜಕ್ಕೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ಅಕ್ಕನೇ ಓಡಿಸಿದಳು. ಆನಗೋಡು ಹತ್ತಿರ ಬಂದಾಗ ಅಪ್ಪ, "ಸ್ವಲ್ಪ ನಿಧಾನವ್ವಾ" ಅಂದರು. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ತೀರಿಕೊಂಡ ಜಾಗ ಅದು. ಅಲ್ಲಿಗೆ ಬಂದಾಗಲೆಲ್ಲ ಅಪ್ಪ ಇದನ್ನೇ ಹೇಳೋದು. ಆಗ ಇದು ಎರಡು ಪಥದ ರಸ್ತೆ, ಈಗ ಅಗಲವಾದ ಹೆದ್ದಾರಿ, ನಡುವೆ ಡಿವೈಡರ್. ಡಿವೈಡರ್ ಆಚೆ ಹೊಲ, ಈಚೆ ಊರು. ಹಾಲಿನ ಕ್ಯಾನ್ ಹಿಡಿದ ಹೆಂಗಸೊಬ್ಬರು ದಾಟಲು ಕಾಯ್ತಾ ನಿಂತಿದ್ದರು, ಪಕ್ಕದಲ್ಲಿ ಸ್ಕೂಲ್ ಬ್ಯಾಗಿನ ಹುಡುಗ. "ಎಂಬತ್ತರಲ್ಲೇ ಇದೀನಲ್ಲಪ್ಪಾ" ಅಂದಳು ಅಕ್ಕ. ಮೀಟರ್ ನೋಡಿದಳು, ನೂರಾ ಎಂಟು. ಎತ್ತರದಲ್ಲಿ ಕೂತರೆ ವೇಗ ಇದ್ದದ್ದಕ್ಕಿಂತ ಕಡಿಮೆ ಅನಿಸುತ್ತೆ. ಕಾಂಟೆಸ್ಸಾದಲ್ಲಿ ಎಂಬತ್ತು ದಾಟಿದರೆ ನೆಲ ಪಕ್ಕದಲ್ಲೇ ಓಡಿದ ಹಾಗೆ ಆಗ್ತಿತ್ತು ಅಂತ ಅಪ್ಪ ಹೇಳಿದರು. ಅಕ್ಕ ಕಾಲು ತೆಗೆದಳು. ಹಿಂದಿನಿಂದ ಬರುತ್ತಿದ್ದ ಇನ್ನೊಂದು ದೊಡ್ಡ ಎಸ್‌ಯುವಿ ಲೈಟ್ ಹೊಡೆದು, ಹಾರ್ನ್ ಮಾಡಿ, ಎಡಗಡೆಯಿಂದ ನುಗ್ಗಿ ಹೋಯಿತು. ಕ್ಯಾನ್ ಹಿಡಿದಾಕೆ ಹುಡುಗನ ಕೈ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು.